ಕೆರೆಯ ನಾಡಿ ನೋಡಲು ನಾವೂ ಕಲಿಯಬಹುದು

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ 2015ರ ಮೇ ತಿಂಗಳಲ್ಲಿ ಬೆಂಕಿ ಹತ್ತಿಕೊಂಡಾಗ, ನೀರು ಹೊತ್ತಿ ಉರಿಯುವುದುಂಟೇ ಎಂದು ಊರೆಲ್ಲ ಬೆರಗಾಯಿತು. ಮರುವರ್ಷ ಮಾರ್ಚ್ ತಿಂಗಳಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಎರಡು ಸಲವೂ ಪತ್ರಿಕೆಗಳಲ್ಲಿ ಚಿತ್ರಗಳು ಬಂದವು, ಸ್ವಲ್ಪ ದಿನ ಗದ್ದಲವಾಯಿತು. ಆದರೆ ಇವು ಒಂದು ರಾತ್ರಿಯಲ್ಲಿ ಬಂದ ಕಾಯಿಲೆಗಳಲ್ಲ. ಸಕ್ಕರೆ ಕಾಯಿಲೆ ಮೈಯೊಳಗೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ಕೊನೆಗೊಂದು ದಿನ ಕಾಲಿನ ಹುಣ್ಣಾಗಿ ಕಾಣಿಸಿಕೊಳ್ಳುವ ಹಾಗೆ, ಕೆರೆಯ ಕಾಯಿಲೆಯೂ ಬಹುಕಾಲ ಒಳಗೇ ಇದ್ದು ಆಮೇಲೆ ಹೊರಬೀಳುತ್ತದೆ. ಸಕ್ಕರೆ ಕಾಯಿಲೆಯವರು ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ. ಕೆರೆಗೆ, ಹೊಳೆಗೆ ಅಂಥ ಪರೀಕ್ಷೆ ಮಾಡುವವರು ಯಾರು?

ಸರ್ಕಾರದ ಮಾಲಿನ್ಯ ನಿಯಂತ್ರಣ ಮಂಡಳಿ ಮಾಡುತ್ತದೆ ಎಂಬುದು ನಿಜವೇ. ಆದರೆ ರಾಜ್ಯದಲ್ಲಿರುವ ಕೆರೆಗಳು ಸಾವಿರಾರು. ಮಂಡಳಿಯ ಸಿಬ್ಬಂದಿ ಬರುವುದು ಕೆಲವಕ್ಕೆ, ಅದೂ ಯಾವುದೋ ಒಂದು ಹೊತ್ತಿನಲ್ಲಿ. ಉಳಿದ ಕೆಲಸವನ್ನು ದಡದಲ್ಲೇ ವಾಸಿಸುವ ಸಾಮಾನ್ಯರು ಮಾಡಬಹುದು, ಮಾಡುತ್ತಲೂ ಇದ್ದಾರೆ. ಗೃಹಿಣಿಯರು, ನಿವೃತ್ತರು, ಶಾಲಾ ಮಕ್ಕಳು ತಿಂಗಳಿಗೊಮ್ಮೆ ನೀರನ್ನು ಪರೀಕ್ಷಿಸಿ ಬರೆದಿಡುವ ಈ ಪದ್ಧತಿಗೆ ಕೆಲವು ದೇಶಗಳಲ್ಲಿ ಐವತ್ತು ವರ್ಷಗಳ ಇತಿಹಾಸವಿದೆ. ಇದು ಆರೋಗ್ಯದ ಅಂಕಣಕ್ಕೆ ಸೇರಿದ ವಿಷಯವೇ ಎಂದು ಕೇಳಬಹುದು. ಕೆರೆಯನ್ನು ಕೆಡಿಸುವ ವಸ್ತುಗಳಲ್ಲಿ ಒಂದು ನೆಲದೊಳಗೆ ಇಳಿದು, ಕೊಳವೆಬಾವಿಯ ಮೂಲಕ ಹಸುಗೂಸಿನ ಹಾಲಿನ ಬಾಟಲಿಗೂ ಬಂದು ಸೇರುತ್ತದೆ. ಆದ್ದರಿಂದ ಇಲ್ಲಿಯೇ ಹೇಳಬೇಕಾಗಿದೆ.

ಅತಿಯಾದ ಅನ್ನ

ಪೋಷಕಾಂಶ ಎಂಬ ಮಾತು ಕಿವಿಗೆ ಹಿತವಾದದ್ದು. ಗಿಡಕ್ಕೆ ಬೇಕಾದ ಸಾರಜನಕ ಮತ್ತು ರಂಜಕಗಳು ಹೊಲದಲ್ಲಿದ್ದರೆ ಗೊಬ್ಬರ. ಅವೇ ಕೆರೆಗೆ ಹರಿದು ಬಂದರೆ ಅಲ್ಲಿಯೂ ಗೊಬ್ಬರದ ಕೆಲಸವನ್ನೇ ಮಾಡುತ್ತವೆ. ಬೆಳೆಯುವುದು ಮಾತ್ರ ಪಾಚಿ ಮತ್ತು ಅಂತರಗಂಗೆಯಂಥ ಜಲಕಳೆ. ಸಾರಜನಕ ನೀರಿನಲ್ಲಿ ಹೆಚ್ಚಾಗಿ ನೈಟ್ರೇಟ್ ಅಥವಾ ಅಮೋನಿಯಾ ರೂಪದಲ್ಲಿ ಇರುತ್ತದೆ, ರಂಜಕ ಫಾಸ್ಫೇಟ್ ರೂಪದಲ್ಲಿ.

ಇವು ಬರುವುದೆಲ್ಲಿಂದ? ಮೊದಲನೆಯದಾಗಿ ನಮ್ಮಿಂದಲೇ. ಒಬ್ಬ ಮನುಷ್ಯನ ಮಲಮೂತ್ರದಲ್ಲಿ ದಿನಕ್ಕೆ ಹತ್ತು ಗ್ರಾಂ ಆಸುಪಾಸಿನಷ್ಟು ಸಾರಜನಕ, ಒಂದು ಗ್ರಾಂಗಿಂತ ತುಸು ಹೆಚ್ಚು ರಂಜಕ ಹೊರಹೋಗುತ್ತದೆ. ಇದರಲ್ಲಿ ಹೆಚ್ಚಿನ ಪಾಲು ಮೂತ್ರದ್ದೇ. ಒಂದು ಲಕ್ಷ ಜನರ ಬಡಾವಣೆಯ ಚರಂಡಿ ಒಂದು ಕೆರೆಗೆ ಬಂದರೆ ದಿನವೂ ಸುಮಾರು ಒಂದು ಟನ್ ಸಾರಜನಕ ಅದಕ್ಕೆ ಬಿದ್ದಂತಾಯಿತು. ಒಂದು 45 ಕಿಲೋ ಯೂರಿಯಾ ಚೀಲದಲ್ಲಿ ಇರುವುದು ಸುಮಾರು 20 ಕಿಲೋ ಸಾರಜನಕ. ಅಂದರೆ ಪ್ರತಿದಿನ ಬೆಳಗಾದರೆ ನಲವತ್ತೆಂಟು ಚೀಲ ಯೂರಿಯಾವನ್ನು ಬಾಯಿ ಬಿಚ್ಚಿ ಕೆರೆಗೆ ಸುರಿದ ಲೆಕ್ಕ. ಹೊಲಗಳಿಂದ ಮಳೆನೀರಿನೊಂದಿಗೆ ಕೊಚ್ಚಿ ಬರುವ ಯೂರಿಯಾ, ಡಿಎಪಿ, ದನದ ಕೊಟ್ಟಿಗೆಯ ಗಂಜಲ, ಬಟ್ಟೆ ಒಗೆಯುವ ಪುಡಿಯಲ್ಲಿರುವ ಫಾಸ್ಫೇಟ್ ಇವೆಲ್ಲ ಅದರ ಮೇಲೆ. ಕೊಳಚೆ ನೀರು ಶುದ್ಧೀಕರಣ ಘಟಕವಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಸಾಮಾನ್ಯ ಘಟಕಗಳು ಕೊಳೆಯುವ ವಸ್ತುವನ್ನು ತೆಗೆಯುತ್ತವೆ. ಸಾರಜನಕ, ರಂಜಕಗಳನ್ನು ತೆಗೆಯಲೆಂದೇ ಕಟ್ಟದಿದ್ದರೆ ಅವು ತಿಳಿಯಾದ ನೀರಿನ ಜೊತೆ ಬಹುಪಾಲು ಹಾಗೆಯೇ ಹೊರಬರುತ್ತವೆ.

(ನೊರೆಗೆ ಫಾಸ್ಫೇಟ್ ಕಾರಣ ಎಂದು ಅನೇಕರು ತಿಳಿದಿದ್ದಾರೆ. ನೊರೆ ಎಬ್ಬಿಸುವುದು ಮಾರ್ಜಕದಲ್ಲಿರುವ ಬೇರೆ ರಾಸಾಯನಿಕ. ಫಾಸ್ಫೇಟ್ ಸೇರಿಸುವುದು ನೀರಿನ ಗಡಸುತನ ಕಳೆಯಲಿಕ್ಕೆ. ಎರಡೂ ಒಂದೇ ಪುಡಿಯಿಂದ ಬರುವುದರಿಂದ ಈ ಗೊಂದಲ.)

ಪಾಚಿ ಬೆಳೆದರೆ ಏನು ಕೇಡು? ಹಗಲು ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೂ ಉಸಿರಾಡುತ್ತದೆ, ನೀರಿನ ಆಮ್ಲಜನಕವನ್ನೇ ಬಳಸುತ್ತದೆ. ಸತ್ತ ಪಾಚಿ ತಳಕ್ಕಿಳಿದು ಕೊಳೆಯುವಾಗ ಬ್ಯಾಕ್ಟೀರಿಯಾಗಳು ಉಳಿದಿದ್ದನ್ನೂ ಹೀರುತ್ತವೆ. ಹೀಗಾಗಿ ನಸುಕಿನ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತೀರಾ ಇಳಿದಿರುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುವುದನ್ನು ಬೆಸ್ತರು ಬಲ್ಲರು. ಅದು ಹೊಸ ಯಂತ್ರಗಳಿಗಿಂತ ಹಳೆಯದಾದ, ನಂಬಬಹುದಾದ ಎಚ್ಚರಿಕೆ.

ಸಾರಜನಕ, ರಂಜಕ ಇವೆರಡರಲ್ಲಿ ಯಾವುದು ಕೆರೆಯನ್ನು ಹಸಿರಾಗಿಸುತ್ತದೆ ಎಂಬ ಬಗ್ಗೆ ಒಂದು ಕಾಲಕ್ಕೆ ದೊಡ್ಡ ವಾದವಿತ್ತು. ಸಾಬೂನು ತಯಾರಕರು ಫಾಸ್ಫೇಟನ್ನು ಬಿಟ್ಟು ಬೇರೆಲ್ಲದರ ಕಡೆ ಬೆರಳು ತೋರುತ್ತಿದ್ದರು. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1973ರಲ್ಲಿ ಒಂದು ಇಡೀ ಕೆರೆಯನ್ನೇ ಪ್ರಯೋಗಾಲಯ ಮಾಡಿಕೊಂಡರು. ನಡುವೆ ಸೊಂಟದಂತೆ ಕಿರಿದಾಗಿದ್ದ ಆ 226ನೇ ಸಂಖ್ಯೆಯ ಕೆರೆಗೆ ಅಡ್ಡಲಾಗಿ ಪ್ಲಾಸ್ಟಿಕ್ ಪರದೆ ಕಟ್ಟಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕ ಹಾಕಿದರು. ಇನ್ನೊಂದಕ್ಕೆ ಅವೆರಡರ ಜೊತೆ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ಹಸಿರು ಗಂಜಿಯಂತಾಯಿತು, ಪರದೆಯ ಆಚೆ ಬದಿಯ ನೀರು ತಿಳಿಯಾಗಿಯೇ ಉಳಿಯಿತು. ವಿಮಾನದಿಂದ ತೆಗೆದ ಆ ಕೆರೆಯ ಚಿತ್ರ ವಾದವನ್ನು ಬಹುಮಟ್ಟಿಗೆ ಮುಗಿಸಿತು. ಹಾಗೆಂದು ಸಾರಜನಕವನ್ನು ಬಿಡುವಂತಿಲ್ಲ. ನದೀಮುಖಗಳಲ್ಲಿ, ಸಮುದ್ರತೀರದಲ್ಲಿ ಅದರ ಪಾತ್ರ ದೊಡ್ಡದು. ಮನುಷ್ಯನ ಆರೋಗ್ಯದ ದೃಷ್ಟಿಯಿಂದಂತೂ ಹೆಚ್ಚು ಚಿಂತೆ ಹುಟ್ಟಿಸುವುದು ಅದೇ.

ನೀಲಿಗಟ್ಟುವ ಕೂಸು

ಅಮೆರಿಕದ ಅಯೋವಾ ರಾಜ್ಯದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು 1945ರಲ್ಲಿ ಒಂದು ವಿಚಿತ್ರ ಕಾಯಿಲೆಯ ವರದಿ ಪ್ರಕಟಿಸಿದರು. ಹಳ್ಳಿಮನೆಗಳ ಎಳೆಗೂಸುಗಳು ನೀಲಿಗಟ್ಟುತ್ತಿದ್ದವು. ಹೃದಯದ ದೋಷವೆಂದು ನೋಡಿದರೆ ಹೃದಯ ಸರಿಯಾಗಿಯೇ ಇತ್ತು. ಕೂಸುಗಳಿಗೆ ಪುಡಿ ಹಾಲನ್ನು ಕಲಸಿ ಕೊಡುತ್ತಿದ್ದದ್ದು ಬಾವಿ ನೀರಿನಲ್ಲಿ. ಆ ನೀರಿನಲ್ಲಿ ನೈಟ್ರೇಟ್ ವಿಪರೀತವಾಗಿತ್ತು.

ಆಗುವುದು ಹೀಗೆ. ಹೊಟ್ಟೆಗೆ ಹೋದ ನೈಟ್ರೇಟನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿ ಬದಲಿಸುತ್ತವೆ. ನೈಟ್ರೈಟ್ ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್ನನ್ನು ಮೀಥೆಮೊಗ್ಲೋಬಿನ್ ಎಂಬ ರೂಪಕ್ಕೆ ತಿರುಗಿಸುತ್ತದೆ. ಅದಕ್ಕೆ ಆಮ್ಲಜನಕ ಹೊರುವ ಶಕ್ತಿ ಇರುವುದಿಲ್ಲ. ದೊಡ್ಡವರ ದೇಹದಲ್ಲಿ ಇದನ್ನು ಸರಿಪಡಿಸುವ ಕಿಣ್ವ ಸಾಕಷ್ಟಿರುತ್ತದೆ. ಆರು ತಿಂಗಳಿನೊಳಗಿನ ಕೂಸಿನಲ್ಲಿ ಆ ಕಿಣ್ವ ಕಡಿಮೆ, ಹೊಟ್ಟೆಯ ಆಮ್ಲವೂ ಕಡಿಮೆಯಾದ್ದರಿಂದ ಬ್ಯಾಕ್ಟೀರಿಯಾಗಳಿಗೆ ಅನುಕೂಲ ಹೆಚ್ಚು. ಭೇದಿಯೂ ಇದ್ದರೆ ಅಪಾಯ ಇನ್ನಷ್ಟು. ತುಟಿ, ಉಗುರು, ಬಾಯಿಯ ಸುತ್ತ ನೀಲಿ ಛಾಯೆ, ಮಂಕುತನ, ಏದುಸಿರು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಸಕಾಲದಲ್ಲಿ ಗುರುತಿಸಿದರೆ ಮೆಥಿಲಿನ್ ಬ್ಲೂ ಎಂಬ ಔಷಧಿಯಿಂದ ಗುಣಪಡಿಸಬಹುದು.

ತಾಯಂದಿರು ಗಮನಿಸಬೇಕಾದ ಮುಖ್ಯ ಸಂಗತಿ: ನೀರನ್ನು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ನೈಟ್ರೇಟ್ ಅಲ್ಲೇ ಉಳಿಯುವುದರಿಂದ ಅದರ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಾಗಲಿ, ಕ್ಯಾಂಡಲ್ ಫಿಲ್ಟರಿನಿಂದಾಗಲಿ, ನೇರಳಾತೀತ ದೀಪದ ಉಪಕರಣದಿಂದಾಗಲಿ ಪ್ರಯೋಜನವಿಲ್ಲ. ಆರ್‌ಒ ಯಂತ್ರ ಕಡಿಮೆ ಮಾಡುತ್ತದೆ. ರೋಗಾಣುಗಳಿಗಾಗಿ ನೀರು ಕುದಿಸುವುದನ್ನು ಬಿಡಬೇಕೆಂದು ಇದರ ಅರ್ಥವಲ್ಲ, ಕುದಿಸುವುದು ಎಲ್ಲದಕ್ಕೂ ಮದ್ದಲ್ಲ ಎಂದಷ್ಟೇ. ಎದೆಹಾಲು ಕುಡಿಯುವ ಕೂಸಿಗೆ ಈ ಭಯ ಇಲ್ಲವೆನ್ನುವಷ್ಟು ಕಡಿಮೆ; ಎದೆಹಾಲಿನ ಪರವಾಗಿ ಹೇಳುವ ಕಾರಣಗಳ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಬಹುದು.

ರಂಜಕದಿಂದ ಬರುವ ತೊಂದರೆ ಸುತ್ತುಬಳಸಿನದು. ಅದು ಬೆಳೆಸುವ ನೀಲಿ-ಹಸಿರು ಪಾಚಿಯಲ್ಲಿ ಕೆಲವು ಜಾತಿಗಳು ಯಕೃತ್ತಿಗೆ ಮಾರಕವಾದ ಮೈಕ್ರೋಸಿಸ್ಟಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. 1996ರಲ್ಲಿ ಬ್ರೆಜಿಲ್ ದೇಶದ ಕರುವಾರು ನಗರದಲ್ಲಿ ಇಂಥ ವಿಷವಿದ್ದ ನೀರನ್ನು ಡಯಾಲಿಸಿಸ್‌ಗೆ ಬಳಸಿದ ಕಾರಣ ಐವತ್ತಕ್ಕೂ ಹೆಚ್ಚು ರೋಗಿಗಳು ಸತ್ತರು. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೀಡೋ ನಗರದಲ್ಲಿ ಈರಿ ಸರೋವರದಿಂದ ಬರುವ ನಲ್ಲಿ ನೀರನ್ನು ಕುಡಿಯಬೇಡಿ, ಕುದಿಸಲೂ ಬೇಡಿ ಎಂದು ಸಾರಬೇಕಾಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮೂರು ದಿನದಷ್ಟು ಕಾಲ ಬಾಟಲಿ ನೀರಿಗಾಗಿ ಸಾಲು ನಿಂತರು. ಶ್ರೀಮಂತ ದೇಶ, ಒಳ್ಳೆಯ ಶುದ್ಧೀಕರಣ ಘಟಕ ಎಲ್ಲವೂ ಇದ್ದ ಊರು ಅದು. ನಮ್ಮಲ್ಲಿ ಇಂಥ ಕೆರೆಯ ನೀರನ್ನು ನೇರವಾಗಿ ಕುಡಿಯುವವರು ಕಡಿಮೆಯಾದರೂ ದನಗಳು ಕುಡಿಯುತ್ತವೆ, ಮಕ್ಕಳು ಈಜುತ್ತಾರೆ. ಬಣ್ಣ ಚೆಲ್ಲಿದಂತೆ ಹಸಿರು ಕೆನೆ ಕಟ್ಟಿದ ನೀರಿಗೆ ಇಳಿದರೆ ಚರ್ಮ ಕೆರೆತ, ಕಣ್ಣುರಿ, ವಾಂತಿ ಬರಬಹುದು. ಅಂಥ ಕೆರೆಯ ಮೀನು ತಿನ್ನುವವರು ಕರುಳು, ಯಕೃತ್ತುಗಳನ್ನು ಪೂರ್ತಿ ತೆಗೆದು ಎಸೆಯಬೇಕು.

ಬಿಳಿ ತಟ್ಟೆಯಿಂದ ಮೊದಲಾದದ್ದು

ನೀರಿನ ತಿಳಿತನವನ್ನು ಅಳೆಯುವ ಸಾಧನವೊಂದನ್ನು 1865ರಲ್ಲಿ ಇಟಲಿಯ ಆಂಜೆಲೊ ಸೆಕ್ಕಿ ಎಂಬ ಪಾದ್ರಿ ಬಳಕೆಗೆ ತಂದರು. ಅವರು ಖಗೋಳ ವಿಜ್ಞಾನಿಯೂ ಆಗಿದ್ದರು. ಸಾಧನವೆಂದರೆ ಹಗ್ಗಕ್ಕೆ ಕಟ್ಟಿದ ಒಂದು ಬಿಳಿ ತಟ್ಟೆ, ಅಷ್ಟೇ. ಅದನ್ನು ನೀರಿಗಿಳಿಸುತ್ತಾ ಕಣ್ಣಿಗೆ ಮರೆಯಾಗುವ ಆಳವನ್ನು ಗುರುತಿಸುವುದು. ಕೆರೆಗಳಲ್ಲಿ ಈಗ ಬಳಸುವುದು ಕಪ್ಪು-ಬಿಳುಪು ಬಳಿದ ಸುಮಾರು 20 ಸೆಂಟಿಮೀಟರ್ ಅಗಲದ ತಟ್ಟೆ. ಪಾಚಿ ಹೆಚ್ಚಿದಷ್ಟೂ ಅದು ಬೇಗ ಮರೆಯಾಗುತ್ತದೆ. ಇದನ್ನು ಮನೆಯಲ್ಲಿ ಹಳೆಯ ಡಬ್ಬದ ಮುಚ್ಚಳದಿಂದಲೂ ಮಾಡಿಕೊಳ್ಳಬಹುದು.

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ 1973ರಲ್ಲಿ ಕೆರೆಯ ದಡದ ಮನೆಯವರಿಗೆ ಇಂಥ ತಟ್ಟೆಗಳನ್ನು ಕೊಟ್ಟು, ಅಳತೆ ಬರೆದು ಕಳಿಸಿ ಎಂದು ಕೇಳಿದರು. ದೋಣಿ ಅವರದೇ, ಸಮಯವೂ ಅವರದೇ. ಅಂದು ಆರಂಭವಾದ ಕೆಲಸ ಇಂದಿಗೂ ನಡೆಯುತ್ತಿದೆ. ಒಂದೇ ಕೆರೆಯ ಒಂದೇ ಜಾಗದ ಮೂವತ್ತು, ನಲವತ್ತು ವರ್ಷದ ಲೆಕ್ಕ ಯಾವ ಪ್ರಯೋಗಾಲಯ ಎಷ್ಟು ದುಡ್ಡು ಕೊಟ್ಟರೂ ಇವತ್ತು ಹೊಸದಾಗಿ ತಯಾರಿಸಲಾರದು. ಸಿಯಾಟಲ್ ನಗರದ ವಾಷಿಂಗ್ಟನ್ ಸರೋವರಕ್ಕೆ ಬೀಳುತ್ತಿದ್ದ ಕೊಳಚೆ ಘಟಕಗಳ ನೀರನ್ನು ಜನರೇ 1958ರಲ್ಲಿ ಮತ ಹಾಕಿ ಬೇರೆಡೆ ತಿರುಗಿಸಲು ಒಪ್ಪಿಗೆ ಕೊಟ್ಟರು. 1963ರಿಂದ 1968ರ ಅವಧಿಯಲ್ಲಿ ತಿರುಗಿಸಲಾಯಿತು. ಒಂದು ಮೀಟರಿನ ಆಸುಪಾಸಿನಲ್ಲೇ ಮರೆಯಾಗುತ್ತಿದ್ದ ತಟ್ಟೆ ಎಪ್ಪತ್ತರ ದಶಕದಲ್ಲಿ ಮೂರು ಮೀಟರಿನ ಆಳದಲ್ಲೂ ಕಾಣತೊಡಗಿತು. ಕೆಟ್ಟ ಕೆರೆ ಗುಣವಾದದ್ದು ಜನರಿಗೆ ಮನದಟ್ಟಾದದ್ದು ಈ ಬಡ ತಟ್ಟೆಯಿಂದ.

ತಟ್ಟೆ ಪಾಚಿಯನ್ನು ಹೇಳುತ್ತದೆ, ಪಾಚಿಯ ಅನ್ನವನ್ನು ಹೇಳುವುದಿಲ್ಲ. ಅದಕ್ಕೆ ಬಣ್ಣ ಬದಲಿಸುವ ರಾಸಾಯನಿಕಗಳಿವೆ. ಅರ್ಥ್‌ವಾಚ್ ಸಂಸ್ಥೆ 2012ರಲ್ಲಿ ಆರಂಭಿಸಿದ ಫ್ರೆಶ್‌ವಾಟರ್ ವಾಚ್ ಎಂಬ ಕಾರ್ಯಕ್ರಮದಲ್ಲಿ ಅನೇಕ ದೇಶಗಳ ಸಾಮಾನ್ಯ ಜನರು ಸೇರಿದ್ದಾರೆ. ಅವರು ಬಳಸುವುದು ಬೆರಳುದ್ದದ ಪ್ಲಾಸ್ಟಿಕ್ ಕೊಳವೆ. ಅದನ್ನು ಹಿಂಡಿ ನೀರಿನಲ್ಲಿ ಅದ್ದಿ ಬಿಟ್ಟರೆ ನೀರು ಒಳಗೆ ಹೋಗಿ ಪುಡಿಯೊಂದಿಗೆ ಬೆರೆಯುತ್ತದೆ. ನೈಟ್ರೇಟ್ ಇದ್ದಷ್ಟೂ ಗುಲಾಬಿ ಬಣ್ಣ ಗಾಢವಾಗುತ್ತದೆ. ನೈಟ್ರೇಟ್‌ಗೆ ಮೂರು ನಿಮಿಷ, ಫಾಸ್ಫೇಟ್‌ಗೆ ಐದು ನಿಮಿಷ ಕಾದು, ಬಣ್ಣದ ಪಟ್ಟಿಯೊಂದಿಗೆ ಹೋಲಿಸಿ ಬರೆದುಕೊಳ್ಳುವುದು. ಅಲಂಕಾರದ ಮೀನು ಮಾರುವ ಅಂಗಡಿಗಳಲ್ಲಿ ಸಿಗುವ ಪೆಟ್ಟಿಗೆಗಳೂ ಇದೇ ಜಾತಿಯವು. ಆದರೆ ಸಣ್ಣ ಪ್ರಮಾಣವನ್ನು ತೋರಿಸುವಷ್ಟು ಅವು ಸೂಕ್ಷ್ಮವಾಗಿರುವುದಿಲ್ಲ.

ಅಳೆಯುವಾಗ

ತಿಂಗಳಿಗೊಂದು ದಿನ ಗೊತ್ತುಮಾಡಿಕೊಳ್ಳಿ. ಜಾಗ ಒಂದೇ ಇರಲಿ, ಹೊತ್ತೂ ಒಂದೇ ಇರಲಿ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆಯಬೇಕು. ಮೇಲೆ ತೇಲುವ ಕೆನೆಯನ್ನೂ ತಳದ ಕೆಸರನ್ನೂ ಬಿಟ್ಟು, ಒಂದು ಗೇಣು ಆಳದಿಂದ ನೀರು ತುಂಬಬೇಕು. ಬಣ್ಣವನ್ನು ಹಗಲು ಬೆಳಕಿನ ನೆರಳಿನಲ್ಲಿ ನೋಡಬೇಕು. ಟ್ಯೂಬ್‌ಲೈಟಿನಲ್ಲಿ ಗುಲಾಬಿ ಬೇರೆಯೇ ಕಾಣುತ್ತದೆ. ಒಬ್ಬರು ನೋಡಿ ಹೇಳುವ ಮುಂಚೆ ಇನ್ನೊಬ್ಬರು ತಾವು ಕಂಡದ್ದನ್ನು ಬರೆದುಕೊಂಡು ಆಮೇಲೆ ಹೋಲಿಸುವುದು ಒಳ್ಳೆಯದು. ಆಗಾಗ ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರನ್ನು ಪರೀಕ್ಷಿಸಿ ನೋಡಿ. ಅದರಲ್ಲೂ ಬಣ್ಣ ಬಂದರೆ ಪುಡಿ ಹಳೆಯದಾಗಿದೆ ಎಂದು ತಿಳಿಯಿರಿ.

ಅಳತೆಯ ಜೊತೆಗೆ ಕಣ್ಣಿಗೆ ಕಂಡದ್ದನ್ನು ಬರೆಯುವುದು ಅಷ್ಟೇ ಮುಖ್ಯ. ನಿನ್ನೆ ಮಳೆ ಬಂದಿತ್ತೇ, ಸುತ್ತಲ ಹೊಲಗಳಿಗೆ ಗೊಬ್ಬರ ಹಾಕಿದ್ದಾರೆಯೇ, ವಾಸನೆ ಹೇಗಿದೆ, ಮೀನು ಮೇಲೆ ಬಂದಿದೆಯೇ, ಗಣೇಶನ ಹಬ್ಬ ಆಯಿತೇ. ಆರು ತಿಂಗಳ ನಂತರ ಪುಸ್ತಕ ತಿರುವಿ ಹಾಕಿದಾಗ ಈ ಟಿಪ್ಪಣಿಗಳೇ ಸಂಖ್ಯೆಗಳಿಗೆ ಬಾಯಿ ಬರಿಸುತ್ತವೆ.

ಕೆರೆಗೆ ಒಂದಕ್ಕಿಂತ ಹೆಚ್ಚು ಕಾಲುವೆಗಳಿದ್ದರೆ ಎಲ್ಲದರ ಬಾಯಲ್ಲೂ, ಕೋಡಿಯಲ್ಲೂ ಅಳೆಯಬೇಕು. ಯಾವುದೋ ಒಂದು ಕಾಲುವೆಯಲ್ಲಿ ಮಾತ್ರ ಫಾಸ್ಫೇಟ್ ಹೆಚ್ಚಿದೆ ಎನ್ನೋಣ. ಅದರ ಗುಂಟ ಮೇಲಕ್ಕೆ ನಡೆಯುತ್ತಾ ಪ್ರತಿ ಕವಲಿನ ಮೇಲೂ ಕೆಳಗೂ ನೋಡುತ್ತಾ ಹೋದರೆ ಒಂದು ಕಡೆ ಬಣ್ಣ ಇದ್ದಕ್ಕಿದ್ದಂತೆ ತೆಳುವಾಗುತ್ತದೆ. ಕೊಳಚೆ ಸೇರುತ್ತಿರುವುದು ಅದರ ಸ್ವಲ್ಪ ಕೆಳಗೆ. ಒಂದು ಬೆಳಗಿನ ಕೆಲಸವಿದು. ನೊರೆಯ ಚಿತ್ರ ತೆಗೆದು ಹಂಚಿಕೊಳ್ಳುವ ಉತ್ಸಾಹದಲ್ಲಿ ಕಾಲುಭಾಗವನ್ನು ಹೀಗೆ ನಡೆಯುವುದಕ್ಕೆ ಇಟ್ಟರೆ, ಪಾಲಿಕೆಯ ಎಂಜಿನಿಯರ ಮುಂದೆ ಇಡಲು ಬೈಗುಳಕ್ಕಿಂತ ಗಟ್ಟಿಯಾದದ್ದೊಂದು ಕೈಯಲ್ಲಿರುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ.

ಒಳ್ಳೆಯ ಸುದ್ದಿಯೂ ಇದೇ ಅಳತೆಯಿಂದ ತಿಳಿಯುತ್ತದೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದ ನೀರು ನೇರವಾಗಿ ಕೆರೆಗೆ ಬೀಳದೆ, ಮೊದಲು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಬರುವಂತೆ ವ್ಯವಸ್ಥೆ ಮಾಡಲಾಯಿತು. ಜೌಗು ದಾಟುವಷ್ಟರಲ್ಲಿ ಪೋಷಕಾಂಶಗಳು ಇಳಿಯುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಳೆದು ತೋರಿಸಿದ್ದಾರೆ. ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಹಾಕದಿದ್ದರೆ ಅದು ಅಲ್ಲೇ ಕೊಳೆತು, ಹೀರಿದ್ದನ್ನು ತಿರುಗಿ ನೀರಿಗೇ ಕೊಡುತ್ತದೆ. ಅದನ್ನು ಕಂಡುಹಿಡಿಯಬೇಕಾದವರು ದಡದಲ್ಲಿ ದಿನವೂ ನಡೆಯುವವರೇ.

ಸುರಕ್ಷತೆಯ ಮಾತು. ಕೈಗವಸು ಇಲ್ಲದೆ ಕೊಳಚೆ ಸೇರಿದ ನೀರನ್ನು ಮುಟ್ಟಬೇಡಿ. ಕಾಲಿನಲ್ಲಿ ಗಾಯವಿರುವವರು ನೀರಿಗಿಳಿಯಲೇಬಾರದು, ಇಲಿಜ್ವರದ ರೋಗಾಣು ಹೊಕ್ಕಬಹುದು. ಮಕ್ಕಳನ್ನು ಒಂಟಿಯಾಗಿ ದಡಕ್ಕೆ ಬಿಡಬಾರದು. ಬಳಸಿದ ಕೊಳವೆಗಳನ್ನು ಕೆರೆಗೆ ಎಸೆಯದೆ ಮನೆಗೆ ತಂದು ಬೇರೆಯಾಗಿ ಕಟ್ಟಿಡಬೇಕು.

ಸೊನ್ನೆ ಎಂದರೆ ಶುದ್ಧವಲ್ಲ

ಹೊಸದಾಗಿ ಅಳೆಯತೊಡಗಿದವರು ಬೆಚ್ಚಿಬೀಳುವ ಪ್ರಸಂಗವೊಂದಿದೆ. ಕೆರೆ ಹಸಿರು ಬಣ್ಣ ಬಳಿದಂತಿರುತ್ತದೆ, ಫಾಸ್ಫೇಟ್ ಪರೀಕ್ಷೆ ಮಾಡಿದರೆ ಬಣ್ಣವೇ ಬರುವುದಿಲ್ಲ. ಪುಡಿ ಕೆಟ್ಟಿದೆಯೇ? ಅಲ್ಲ. ನೀರಿನಲ್ಲಿ ಕರಗಿದ್ದ ಫಾಸ್ಫೇಟನ್ನೆಲ್ಲ ಪಾಚಿ ತಿಂದು ತನ್ನ ಮೈಯೊಳಗೆ ಇಟ್ಟುಕೊಂಡಿರುತ್ತದೆ. ತಟ್ಟೆಯಲ್ಲಿ ಅನ್ನವಿಲ್ಲ ಎಂದರೆ ಉಣ್ಣುವವರು ಉಪವಾಸವಿದ್ದಾರೆ ಎಂದಲ್ಲ, ಉಂಡು ಮುಗಿಸಿದ್ದಾರೆ. ಆಗ ನಿಜ ಹೇಳುವುದು ಸೆಕ್ಕಿಯ ತಟ್ಟೆ.

ನೈಟ್ರೇಟ್ ಕೂಡ ಹೀಗೆಯೇ ಮೋಸ ಮಾಡುತ್ತದೆ. ಕಪ್ಪಗೆ ನಾರುವ ಕಾಲುವೆಯಲ್ಲಿ ನೈಟ್ರೇಟ್ ಹುಡುಕಿದರೆ ಸಿಗುವುದು ಅಲ್ಪ. ಆಮ್ಲಜನಕವೇ ಇಲ್ಲದ ನೀರಿನಲ್ಲಿ ಸಾರಜನಕ ಅಮೋನಿಯಾ ರೂಪದಲ್ಲೇ ಉಳಿದುಬಿಡುತ್ತದೆ, ಇರುವ ನೈಟ್ರೇಟನ್ನೂ ಬ್ಯಾಕ್ಟೀರಿಯಾಗಳು ಅನಿಲವಾಗಿ ಮಾಡಿ ಗಾಳಿಗೆ ಬಿಡುತ್ತವೆ. ಚರಂಡಿಗಿಂತ ಹಳ್ಳಿಯ ತಿಳಿಯಾದ ಬಾವಿಯಲ್ಲಿ ನೈಟ್ರೇಟ್ ಹತ್ತು ಪಟ್ಟು ಹೆಚ್ಚಿರಬಹುದು. ಆದ್ದರಿಂದ ನಗರದ ಕೆರೆಗಳಲ್ಲಿ ಅಮೋನಿಯಾ ಮತ್ತು ಕರಗಿದ ಆಮ್ಲಜನಕದ ಪರೀಕ್ಷೆಯನ್ನೂ ಸೇರಿಸಿಕೊಳ್ಳಬೇಕು.

ಇನ್ನೊಂದು ತೊಡಕು ಲೆಕ್ಕದ್ದು. ಕೆಲವು ಪೆಟ್ಟಿಗೆಗಳು ಪೂರ್ತಿ ನೈಟ್ರೇಟಿನ ತೂಕ ಹೇಳುತ್ತವೆ, ಕೆಲವು ಅದರೊಳಗಿನ ಸಾರಜನಕದ ತೂಕವನ್ನಷ್ಟೇ ಹೇಳುತ್ತವೆ. ಎರಡನೆಯದನ್ನು 4.43ರಿಂದ ಗುಣಿಸಿದರೆ ಮೊದಲನೆಯದು ಸಿಗುತ್ತದೆ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಇಟ್ಟಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್. ಸಾರಜನಕದ ಲೆಕ್ಕದಲ್ಲಿ ಇದು ಸುಮಾರು 10. ಪೆಟ್ಟಿಗೆ 12 ಎಂದು ತೋರಿಸಿತು, 45ಕ್ಕಿಂತ ಎಷ್ಟೋ ಕಡಿಮೆ ಎಂದು ನೆಮ್ಮದಿಯಾಗಿ ಕೂಸಿಗೆ ಅದೇ ನೀರಿನಲ್ಲಿ ಹಾಲು ಕಲಸಿದರೆ ಅನಾಹುತ. ಪೆಟ್ಟಿಗೆಯೊಳಗಿನ ಚೀಟಿಯನ್ನು ಮೊದಲು ಓದಬೇಕು.

ಸರ್ಕಾರಿ ವರ್ಗೀಕರಣದಲ್ಲೂ ಒಂದು ಕೊರತೆಯಿದೆ. ನಮ್ಮ ಕೆರೆ, ನದಿಗಳನ್ನು ಬಳಕೆಗೆ ತಕ್ಕಂತೆ 'ಎ'ಯಿಂದ 'ಇ'ವರೆಗೆ ಐದು ದರ್ಜೆಗಳಾಗಿ ವಿಂಗಡಿಸುತ್ತಾರೆ. ಅದಕ್ಕೆ ಆಧಾರ ಆಮ್ಲಜನಕ, ಕೊಳೆಯುವ ವಸ್ತು, ಕೋಲಿಫಾರಂ ಬ್ಯಾಕ್ಟೀರಿಯಾ, ಅಮೋನಿಯಾ ಮುಂತಾದವು. ಫಾಸ್ಫೇಟ್ ಆ ಪಟ್ಟಿಯಲ್ಲೇ ಇಲ್ಲ. ಕೆರೆಯನ್ನು ಹಸಿರಾಗಿಸುವ ವಸ್ತುವನ್ನು ಕೇಳದೆಯೇ ಕೆರೆಗೆ ದರ್ಜೆ ಕೊಟ್ಟಂತೆ. ನಾಗರಿಕರು ಫಾಸ್ಫೇಟ್ ಅಳೆದರೆ ಮಂಡಳಿಯ ಕೆಲಸವನ್ನೇ ಮತ್ತೊಮ್ಮೆ ಮಾಡಿದಂತಾಗುವುದಿಲ್ಲ, ಬಿಟ್ಟುಹೋದ ಜಾಗ ತುಂಬಿದಂತಾಗುತ್ತದೆ.

ಜನ ಅಳೆದದ್ದನ್ನು ನಂಬಬಹುದೇ? ಬಣ್ಣದ ಪಟ್ಟಿ ಕೊಡುವುದು ಖಚಿತ ಸಂಖ್ಯೆಯಲ್ಲ, 'ಇಷ್ಟರಿಂದ ಇಷ್ಟರೊಳಗೆ' ಎಂಬ ಅಂದಾಜು. ಒಂದು ದಿನದ ಒಂದು ಅಳತೆ ಹಿಡಿದುಕೊಂಡು ಯಾರ ಮೇಲೂ ದೂರು ಹೇಳಬಾರದು. ಹನ್ನೆರಡು ತಿಂಗಳು ಒಂದೇ ಮಾತು ಹೇಳಿದರೆ ಅದನ್ನು ತಳ್ಳಿಹಾಕುವುದು ಪ್ರಯೋಗಾಲಯಕ್ಕೂ ಕಷ್ಟ. ಆಗ ಅದೇ ದಿನ ಅದೇ ಜಾಗದಿಂದ ತೆಗೆದ ಒಂದು ಬಾಟಲಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ತಾಳೆ ನೋಡಬೇಕು.

ಮನೆಯ ಬಾವಿ

ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಕೆರೆ ತುಂಬಿ, ನೀರು ಇಂಗಿ ಬತ್ತಿದ ಕೊಳವೆಬಾವಿಗಳಿಗೆ ಜೀವ ಬರಲಿ ಎಂಬುದು ಯೋಜನೆಯ ಉದ್ದೇಶ. ಇಂಗುವ ನೀರಿನ ಜೊತೆ ನೈಟ್ರೇಟ್ ಇಳಿಯಲೂಬಹುದು. ನೈಟ್ರೇಟ್ ಮಣ್ಣಿಗೆ ಅಂಟಿಕೊಳ್ಳುವ ಗುಣದ್ದಲ್ಲ, ನೀರು ಹೋದಲ್ಲಿಗೆ ಹೋಗುತ್ತದೆ. ಅಲ್ಲಿ ಹೊಲದ ಗೊಬ್ಬರದಿಂದ, ಮನೆಯ ಪಕ್ಕದ ಗುಂಡಿ ಪಾಯಿಖಾನೆಯಿಂದ ಇಳಿಯುವ ನೈಟ್ರೇಟೂ ಇದೆ. ಯಾವುದು ಎಷ್ಟು ಎಂಬುದು ಕೆರೆ ತುಂಬುವ ಮುಂಚಿನ, ನಂತರದ ಲೆಕ್ಕ ಇಟ್ಟವರಿಗೆ ಮಾತ್ರ ತಿಳಿದೀತು. ಇದು ಕೋಲಾರಕ್ಕೆ ಮಾತ್ರ ಅನ್ವಯಿಸುವ ಮಾತಲ್ಲ. ಕೊಳವೆಬಾವಿಯ ನೀರು ಕುಡಿಯುವ ಎಲ್ಲ ಊರುಗಳಿಗೂ ಸೇರಿದ್ದು.

ಇದಕ್ಕೆ ಹಳ್ಳಿಗಳಲ್ಲಿ ಹೊರಗಿನಿಂದ ಏನನ್ನೂ ತರಿಸಬೇಕಾಗಿಲ್ಲ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂಬ ನಿಯಮವಿದೆ. ಅದಕ್ಕಾಗಿ ಕೊಡುವ ಪರೀಕ್ಷಾ ಪೆಟ್ಟಿಗೆಯಲ್ಲಿ ಫ್ಲೋರೈಡ್, ಗಡಸುತನ, ಕಬ್ಬಿಣದ ಜೊತೆ ನೈಟ್ರೇಟ್ ಪರೀಕ್ಷೆಯೂ ಇರುತ್ತದೆ. ನಿಮ್ಮ ಪಂಚಾಯಿತಿಯಲ್ಲಿ ಆ ಪೆಟ್ಟಿಗೆ ಎಲ್ಲಿದೆ, ತರಬೇತಿ ಪಡೆದವರು ಯಾರು ಎಂದು ವಿಚಾರಿಸಿ. ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರೆ ಹೊರಗೆ ತೆಗೆಸಿ. ಪುಡಿಗಳ ಅವಧಿ ಮುಗಿದಿದೆಯೇ ಎಂದೂ ನೋಡಿ.

ನೈಟ್ರೇಟ್ ಕಡಿಮೆ ಬಂದ ಮಾತ್ರಕ್ಕೆ ನೀರಿನಲ್ಲಿ ರೋಗಾಣು ಇಲ್ಲವೆಂದು ತಿಳಿಯಬಾರದು. ಅದಕ್ಕೆ ಬೇರೆ ಪರೀಕ್ಷೆಯಿದೆ. ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಸುಲಭ ವಿಧಾನದಲ್ಲಿ, ಔಷಧಿ ಹಚ್ಚಿದ ಕಾಗದವಿರುವ ಸಣ್ಣ ಶೀಷೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ಮಲದ ಸೋಂಕು ಇದ್ದಲ್ಲಿ ನೀರು ಕಪ್ಪಾಗುತ್ತದೆ. ನಮ್ಮ ದೇಶದಲ್ಲೇ ಹುಟ್ಟಿದ ಈ ಪರೀಕ್ಷೆ ಈಗ ಬೇರೆ ದೇಶಗಳಲ್ಲೂ ಬಳಕೆಯಲ್ಲಿದೆ.

ಬಾವಿಯ ನೀರನ್ನು ವರ್ಷಕ್ಕೆ ಎರಡು ಬಾರಿಯಾದರೂ ನೋಡಬೇಕು: ಮುಂಗಾರಿಗೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ. ಮಳೆಗಾಲದ ನಂತರದ ಅಳತೆ ಹಲವೆಡೆ ಹೆಚ್ಚು ಬರುತ್ತದೆ, ಹೊಲದ ಗೊಬ್ಬರ ಅಷ್ಟರಲ್ಲಿ ಕೆಳಗಿಳಿದಿರುತ್ತದೆ. ಮನೆಯಲ್ಲಿ ಬಸುರಿ ಇದ್ದರೆ ಹೆರಿಗೆಗೆ ಮುಂಚೆಯೇ ಪರೀಕ್ಷೆ ಮಾಡಿಸಿಬಿಡಬೇಕು. ಅಳತೆ 45 ದಾಟಿದ್ದರೆ ಆ ಬಾವಿಯ ನೀರನ್ನು ಬಟ್ಟೆ ಒಗೆಯಲು, ಸ್ನಾನಕ್ಕೆ ಬಳಸಲು ಅಡ್ಡಿಯಿಲ್ಲ. ಕೂಸಿನ ಹಾಲಿಗೆ, ಗಂಜಿಗೆ ಮಾತ್ರ ಬೇರೆ ನೀರು ತರಬೇಕು.